ಏರಿನಲ್ಲಿ ಕಳಚಿದ ಅರಮನೆ

ಫಿಟ್ಟರನಿಗೆ ವರುಷ, ಫೌಜದಾರನಿಗೆ ನಿಮಿಷ.

ಗಾದೆ ಹಾಗಿಲ್ಲ, ಅಲ್ಲಿರುವವನು ಕುಂಬಾರ, ಜತೆಗಿರುವುದು ದೊಣ್ಣೆ ಎಂದು ತಿದ್ದಲು ಎದ್ದುನಿಂತ ಕನ್ನಡ ಮಾಸ್ತರರು ದಯವಿಟ್ಟು ಕೂಡಬೇಕು. ಕುಂಬಾರನ ಗಡಿಗೆ ಒಡೆದರೆ ಗಡಿಗೆಯಷ್ಟೇ ಹೋದೀತು. ಫಿಟ್ಟರ್ ಕಾಸಿಮಸಾಬ ಗಾಡಿಗೆ ಕೂಡಿಸಿದ ಕೊಂಡಿ ಕಳಚಿದರೆ ಹೋಗುವುದು ಅವನ ಮನೆ. ಇನ್ನೊಂದು ಮಾತು, ಇದು ಖರೇ ನಡೆದ ಕತೆ. ಅನುಮಾನವಿದ್ದವರು ಹುಬ್ಬಳ್ಳಿಯ ಕಮರಿಪೇಟೆಗೆ ಹೋಗಿ ಕೇಳಿ. "ಅಂಥಾದ್ದೇನೂ ನಡದಿಲ್ಲ ಬಿಡ್ರಿ" ಎಂದು ಎಲ್ಲರೂ ಒಂದೇ ಬಾಯಿಂದ ಅಂದಾರು. ಕಮರಿಪೇಟೆ ಒಂದೇ ಬಾಯಿಂದ ಮಾತಾಡಿತು ಅಂದಮೇಲೆ ಏನೋ ನಡೆದಿರಲೇಬೇಕಲ್ಲ?

ಪಂಢರಿನಾಥ ಆ ದಿನ ಕಾಸಿಮಸಾಬನ ಗ್ಯಾರೇಜಿನಲ್ಲಿ ಪಿಕಪ್ ಗಾಡಿಯ ಹೊಟ್ಟೆಯ ಕೆಳಗೆ ಅಂಗಾತ ಮಲಗಿದ್ದ. ಧಾರವಾಡದ ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿ, ವರ್ಷದ ಗ್ಯಾದರಿಂಗಿನಲ್ಲಿ ಪ್ರಾಧ್ಯಾಪಕರ ದನಿ ತೆಗೆದು ಚಪ್ಪಾಳೆ ಗಿಟ್ಟಿಸಿ, ಕೊನೆಗೆ ಒಂದು ವಿಮಾ ಕಂಪನಿಯಲ್ಲಿ ಅಪಘಾತಗಳ ತನಿಖೆಗೆ ನಿಂತ ಮನುಷ್ಯ. ಗ್ಯಾರೇಜಿಗೆ ಬಿಳಿ ಪ್ಯಾಂಟು ಹಾಕಿಕೊಂಡು ಬಂದದ್ದು ಅವನ ತರ್ಕಶಾಸ್ತ್ರದ ಆ ದಿನದ ಮೊದಲ ಸೋಲು.

"ಏನ್ ಕಾಣಾಕತ್ತೇತ್ರಿ ಸಾಹೇಬ್ರ?" ಹೊರಗೆ ಕುಕ್ಕರಗಾಲಿನಲ್ಲಿ ಕೂತ ಕಾಸಿಮಸಾಬ ಕೇಳಿದ.

"ನನ್ನ ಭವಿಷ್ಯ ಕಾಣ್ಲಿಕ್ಕತ್ತದ. ಕರ್‍ರಗದ. ಗಿರೀಸು ಹಚ್ಚಿದಂಗ."

ಕಾಸಿಮಸಾಬ ನಗಲಿಲ್ಲ. ಅವನ ಕಣ್ಣು ಗೇಟಿನ ಕಡೆ ಇತ್ತು. ಅಲ್ಲೊಬ್ಬ ಪೇದೆ ಸ್ಟೂಲು ಹಾಕಿಕೊಂಡು ಶೇಂಗಾ ಸುಲಿಯುತ್ತಿದ್ದ. ಸಂಜೆ ಫೌಜದಾರ ಅರ್ಜುನಪ್ಪನವರು ಬರುತ್ತಾರೆ. ವಿಮೆಯವರ ಮಾತು ಕೇಳುತ್ತಾರೆ. ಕೊಂಡಿ ಕೂಡಿಸಿದ್ದರಲ್ಲಿ ತಪ್ಪಿದೆ ಅಂದರೆ ಕಾಸಿಮಸಾಬ ಜೀಪು ಹತ್ತಬೇಕು.

ದಸರೆಯ ಮುಂಜಾನೆ ಬೈರಿದೇವರಕೊಪ್ಪದ ಏರಿನಲ್ಲಿ ಈ ಪಿಕಪ್ಪಿನ ಬೆನ್ನಿನಿಂದ ಟ್ರೇಲರು ಕಳಚಿ ಹಿಂದಕ್ಕೆ ಉರುಳಿತ್ತು. ತಡೆಯಲು ಕಲ್ಲು ಹಿಡಿದು ಓಡಿದ ಡ್ರೈವರ್ ಹೊಳೆಯಪ್ಪನ ಸೊಂಟ ಮುರಿದಿತ್ತು, ಅಂದಿನಿಂದ ಅವನು ದವಾಖಾನೆಯಲ್ಲಿ ಕಣ್ಣು ತೆರೆದಿರಲಿಲ್ಲ.

ಟ್ರೇಲರಿನಲ್ಲಿದ್ದದ್ದು ಹತ್ತಿಯಲ್ಲ, ಮೆಣಸಿನಕಾಯಿಯಲ್ಲ. ಅರಮನೆ, ಅಡವಿ, ರಾಜಬೀದಿ, ಕಾರಾಗೃಹ. ಗಾಡಿಯ ಧಣಿ ಕೇಶ್ವಾಪುರದ ಉಡಚಪ್ಪ ನಾಟಕಗಳಿಗೆ ಸೀನರಿ ಬಾಡಿಗೆ ಕೊಡುವವನು. ಅವತ್ತು ಏರಿನ ಬುಡದಲ್ಲಿ ಅಡವಿ ರಸ್ತೆಗೆ ಅಡ್ಡ ಬಿದ್ದಿತ್ತು, ಅರಮನೆ ಗಟಾರದಲ್ಲಿ ಕೂತಿತ್ತು. ಸಾಲಿ ಮಕ್ಕಳು ರಾಜಬೀದಿಯ ಮೇಲೆ ಕುಣಿದು ಬಂದಿದ್ದರು.

"ಲೇ! ಡ್ಯೂಟಿ ಮ್ಯಾಲ ಶೇಂಗಾ ತಿಂತೀಯೇನೋ ಮಂಗ್ಯಾ!"

ಫೌಜದಾರರ ಗುಡುಗು. ಪೇದೆ ಸಟ್ಟನೆ ಎದ್ದು ಸೆಲ್ಯೂಟು ಹೊಡೆದ. ಶೇಂಗಾ ಅಂಗಳವೆಲ್ಲ ಚೆಲ್ಲಾಡಿತು. ಗೇಟಿನಲ್ಲಿ ಯಾರೂ ಇರಲಿಲ್ಲ. ಗುಡುಗು ಬಂದದ್ದು ಗಾಡಿಯ ಕೆಳಗಿನಿಂದ.

"ಏ, ಇದೇನ್ರಿ ರಾಯ್ರ!" ಪೇದೆ ಎದೆ ಒತ್ತಿಕೊಂಡ. "ಜೀವಾನ ಹೋಗಿತ್ತಲ್ರಿ!"

"ಹೋದ್ರ ಹೇಳಪಾ, ನಮ್ಮ ಕಂಪನಿ ಪಾಲಿಸಿ ಅದ."

ಪೇದೆ ನಕ್ಕ. ಆಗಲೂ ಕಾಸಿಮಸಾಬ ನಗಲಿಲ್ಲ.

ಪಂಢರಿನಾಥ ಬ್ಯಾಟರಿ ಬೆಳಕು ಹಾಯಿಸಿದ. ಒಂದೊಂದೇ ಬೋಲ್ಟು ನೋಡುತ್ತ ಬಂದ. ಕೊಂಡಿಯ ಬೋಲ್ಟುಗಳು ಪಿಕಪ್ಪಿನ ತಗಡಿಗೆ ಮಾತ್ರ ಕಚ್ಚಿರಲಿಲ್ಲ. ಕೆಳಗೆ ಅಡ್ಡಕ್ಕೆ ಹಾಕಿದ ಕಬ್ಬಿಣದ ಪಟ್ಟಿಯನ್ನು ತೂರಿ ಚಾಸಿಯನ್ನೇ ಹಿಡಿದಿದ್ದವು. ಪ್ರತಿ ನಟ್ಟಿನ ಮೇಲೂ ಒಂದು ಬಿಳಿ ಗೀಟು, ಅದೇ ಗೀಟು ಬೋಲ್ಟಿನ ಮೇಲೂ ಮುಂದುವರಿದಿತ್ತು.

"ಈ ಬಿಳಿ ಗೀಟು?"

"ಬಿಗದ ಮ್ಯಾಲ ನಾನ ಹಾಕಿದ್ರಿ. ಸೀನರಿ ಬಣ್ಣದಾಗ. ನಟ್ಟು ಒಂದ ಕೂದಲೆಳಿ ತಿರಗಿದ್ರೂ ಗೀಟು ಮುರೀತೇತಿ."

ಒಂದೂ ಮುರಿದಿರಲಿಲ್ಲ. ಪಂಢರಿನಾಥ ಹೊರಗೆ ತೆವಳಿ ಬಂದು ಪ್ಯಾಂಟು ನೋಡಿಕೊಂಡ. ಬಿಳಿಯ ಹೆಸರಿನಲ್ಲಿ ಉಳಿದದ್ದು ಕಿಸೆಯ ಒಳಬಟ್ಟೆ ಮಾತ್ರ.

"ಕಾಸಿಮಸಾಬ್ರ, ಮೊದಲಿಂದ ಹೇಳ್ರಿ. ಬಾಲಕ್ಕ ಒಂದು ಕೊಕ್ಕಿ ಹಾಕಿದ್ರ ಮುಗೀತಿತ್ತಲ್ಲ. ಇಷ್ಟು ದೊಡ್ಡ ತಾಟು ಯಾಕ ಬೇಕಾತು?"

"ಕೊಕ್ಕೀನ ಇತ್ರಿ ಮೊದಲ. ಸೀನರಿ ಚೌಕಟ್ಟು ಉದ್ದ, ಅದಕ್ಕ ಟ್ರೇಲರೂ ಉದ್ದ. ಭಾರೆಲ್ಲಾ ಬಾಲಕ್ಕ ಬಿದ್ದು ಗಾಡಿ ಮೂತಿ ಎತ್ತತಿತ್ತು. ಸ್ಟೇರಿಂಗ್ ಹಿಡದ್ರ ಗಾಳಿಪಟ ಹಿಡಧಂಗ. ಹಿಂದ ಟ್ರೇಲರು ಅತ್ಲಾಗ ಇತ್ಲಾಗ. ಹೊಳೆಯಪ್ಪ ಬಂದು, ಕಾಸಿಮಣ್ಣ, ಇದನ್ನ ಓಡ್ಸೂದಂದ್ರ ಕುಡುಕನ್ನ ಮನಿ ಮುಟ್ಟಿಸಿಧಂಗ ಆಗೇತಿ ಅಂದ."

ಹಾಗಾಗಿ ಭಾರ ಹಿಂದಿನ ಗಾಲಿಗಳ ನಡುಬೆನ್ನಿಗೆ ಬರಬೇಕು. ಅದಕ್ಕೆ ದೊಡ್ಡ ಲಾರಿಗಳ ಬೆನ್ನಿನ ಮೇಲೆ ಇರುವಂಥ ತಾಟು ಬೇಕು: ನಡುವೆ ಒಂದು ಸೀಳು, ಸೀಳಿನೊಳಗೆ ಉಕ್ಕಿನ ಎರಡು ದವಡೆ. ಟ್ರೇಲರಿನ ಮೂತಿಯ ಕೆಳಗೊಂದು ಮೊಂಡು ಪಿನ್ನು. ಪಿನ್ನು ಸೀಳಿಗೆ ಜಾರಿದ ಕೂಡಲೇ ದವಡೆ ಕಚ್ಚಬೇಕು. ಇಂಗ್ಲಿಷಿನವರು ಇದನ್ನು ಐದನೇ ಗಾಲಿ ಅನ್ನುತ್ತಾರೆ. ಗಾಲಿಯಂತೂ ಅಲ್ಲ, ಉರುಳುವುದಂತೂ ಇಲ್ಲ, ಆದರೂ ಹೆಸರಿದೆ. ನಮ್ಮಲ್ಲಿ ಗೌರವ ಕಾರ್ಯದರ್ಶಿ ಇದ್ದ ಹಾಗೆ.

"ಮಿಲಿಟರಿ ಗುಜರಿಯೊಳಗ ಎರಡ ಇದ್ದೂರಿ," ಕಾಸಿಮಸಾಬ ಮುಂದುವರಿಸಿದ. "ಒಂದು ಭಾರೀದು. ಉಡಚಪ್ಪ ಧಣ್ಯಾರಿಗೆ ಅದರ ಮ್ಯಾಲ ಕಣ್ಣು. ದೊಡ್ಡದಲ್ರಿ! ನಾ ಬ್ಯಾಡಂದೆ. ಅದರ ತೂಕಾನ ಹೊತ್ತು ಪಿಕಪ್ಪು ಕುಂದರತೇತಿ, ಮ್ಯಾಲ ಅದು ಹಿಂದ-ಮುಂದ ಅಷ್ಟ ಬಾಗತೇತಿ. ಸಣ್ಣದು ಪಕ್ಕಕ್ಕೂ ಸ್ವಲ್ಪ ಬಾಗತಿತ್ತು. ಹಳ್ಳಿ ದಾರಿ, ಒಂದ ಗಾಲಿ ತಗ್ಗಿನ್ಯಾಗ, ಒಂದ ದಿಬ್ಬದ ಮ್ಯಾಲ. ಬಾಗದಿದ್ರ ಏನರ ಮುರೀಬೇಕು."

"ಎಲ್ಲಿ ಕೂಡಿಸಿದ್ರಿ?"

"ಹಿಂದಿನ ಅಚ್ಚಿಗಿಂತ ನಾಕ ಬಟ್ಟು ಮುಂದ. ಅಚ್ಚಿನ ಹಿಂದ ಕೂಡಿಸಿದ್ರ ಮತ್ತ ಮೂತಿ ಎತ್ತೂದ. ಭಾಳ ಮುಂದ ತಂದ್ರ ತಿರುವಿನ್ಯಾಗ ಟ್ರೇಲರ್ ಮೂಲಿ ಡ್ರೈವರ್ ತಲಿ ಹಿಂದಿನ ಕಿಡಕಿ ಕಾಚಿಗೆ ಮುತ್ತು ಕೊಡತೇತಿ. ಈ ಅಂಗಳದಾಗ ಅತ್ಲಾಗ ಇತ್ಲಾಗ ತಿರುಗಿಸಿ ನೋಡೇನ ಬಿಟ್ಟಿದ್ದು."

ಹೇಳುವಾಗ ಅವನ ಕೈ ತಾಟಿನ ಅಂಚು ಸವರುತ್ತಿತ್ತು. ಮಗಳನ್ನು ಕೊಟ್ಟ ಮನೆಯಿಂದ ದೂರು ಬಂದಾಗ ಅಪ್ಪ ಮಗಳ ತಲೆ ಸವರುವ ಹಾಗೆ.

ಹಿತ್ತಲ ಬಾಗಿಲಲ್ಲಿ ಅವನ ಹೆಂಡತಿ ತಾಜಬಿ ಚಹಾದ ಬಟ್ಟಲು ಹಿಡಿದು ನಿಂತಳು. ಗ್ಯಾರೇಜಿನ ಹಿಂದೆಯೇ ಮನೆ. ಬಟ್ಟಲು ಕೊಟ್ಟ ಮೇಲೂ ಹೋಗಲಿಲ್ಲ.

"ಇವರನ್ನ ಕರಕೊಂಡ ಹೋಗ್ತಾರೇನ್ರಿ ಅಣ್ಣಾರ?"

"ಇನ್ನೂ ನೋಡ್ಲಿಕ್ಕತ್ತೀನಿ ಬಾಯಾರ."

"ನಿನ್ನಿ ಒಬ್ಬಾಂವ ಬಂದು ಬಿಚ್ಚಿಟ್ಟ ಎಂಜಿನ್ನ ಬಿಚ್ಚಿಟ್ಟಂಗನ ಬಂಡಿ ಮ್ಯಾಲ ಹೇರಿಕೊಂಡ ಹೋದ್ರಿ. ಒಂದ ಮಾತ ಆಡ್ಲಿಲ್ಲ." ಆಕೆ ಸೆರಗು ಎಳೆದುಕೊಂಡಳು. "ಜೇಲಿಗೆ ಹೋಗಿ ಬಂದ ಕೈಗೆ ಯಾರ ಗಾಡಿ ಕೊಡ್ತಾರ್ರಿ?"

 ಪಂಢರಿನಾಥ ಚಹಾ ಮುಗಿಸಿ ಬಟ್ಟಲು ಕೆಳಗಿಟ್ಟ.

ಅವನು ಪಿಕಪ್ಪಿನ ಮೇಲೆ ಹತ್ತಿ ತಾಟಿನ ಮೇಲೆ ಬೆರಳಾಡಿಸಿದ. ಬೆರಳಿಗೆ ಜಿಡ್ಡು ಹತ್ತಲಿಲ್ಲ. ಒಣ ಕಬ್ಬಿಣ.

"ಇದಕ್ಕ ಗಿರೀಸು ಇರಬೇಕಲ್ಲ?"

"ದಪ್ಪಗ ಬಳಿದಿದ್ದೆ! ಬೆಣ್ಣಿ ಹಚ್ಚಿಧಂಗ. ಟ್ರೇಲರು ಅದರ ಮ್ಯಾಲ ತಿರಗಬೇಕಲ್ರಿ."

"ಹಂಗಾದ್ರ ಬೆಣ್ಣಿ ಯಾರು ತಿಂದ್ರು?"

ಕಾಸಿಮಸಾಬ ಹತ್ತಿ ಬಂದು ಮುಟ್ಟಿದ. ಹುಬ್ಬು ಗಂಟಿಕ್ಕಿತು. ತಾಟಿನ ಮೂಲೆಗಳಲ್ಲಿ ಕುಂಕುಮ ಒಣಗಿ ಹೆಪ್ಪುಗಟ್ಟಿತ್ತು. ಚೆಂಡುಹೂವಿನ ಪಕಳೆ ಸೀಳಿನಲ್ಲಿ ಸಿಕ್ಕು ಬಾಡಿದ್ದವು.

"ಖಂಡೇ ಪೂಜಿ," ಅವನು ನಿಧಾನವಾಗಿ ಅಂದ. "ನವಮಿ ದಿನ ಧಣ್ಯಾರ ಮನಿ ಮುಂದ ಗಾಡಿ ಪೂಜಿ ಮಾಡಿದ್ರು."

"ಇವಂಗೇನ್ ಗೊತ್ರಿ ಖಂಡೇ ಪೂಜಿ," ಗೇಟಿನಿಂದ ಪೇದೆ ಅಂದ.

ಕಾಸಿಮಸಾಬ ತಿರುಗಿ ನೋಡಿದ. ದನಿ ಏರಿಸಲಿಲ್ಲ. "ನಮ್ಮಪ್ಪನ ಕಾಲದಿಂದ ಈ ಪಾನಾ ಸುತ್ತಿಗಿಗಳಿಗೆ ನವಮಿ ದಿನ ಕಾಯಿ ಒಡಕೋತ ಬಂದೇವಿ ಜಮಾದಾರ್ರ. ಒಮ್ಮೆ ಪೂಜಿಗೆ ಇಟ್ಟ ಮ್ಯಾಲ ಬನ್ನಿ ಮುಡಿಯೂತನಕ ಒಂದ ಸ್ಕ್ರೂ ಮುಟ್ಟೂದಿಲ್ಲ. ಬೇಕಾದ್ರ ಓಣ್ಯಾಗ ಕೇಳ್ರಿ."

ಪೇದೆ ಮತ್ತೆ ಶೇಂಗಾ ಆರಿಸತೊಡಗಿದ.

"ಹಂಗಂದ್ರ ದಸರಾ ದಿನ ಮುಂಜಾನಿ ನೀವು ಎಲ್ಲಿದ್ರಿ?" ಪಂಢರಿನಾಥ ಕೇಳಿದ.

"ಇಲ್ಲೇ. ಮನ್ಯಾಗ."

ಉತ್ತರ ಲಗೂ ಬಂತು. ಪಂಢರಿನಾಥ ಅಷ್ಟಕ್ಕೇ ಬಿಟ್ಟು ತಾಟಿನ ಬಲಮಗ್ಗುಲಿಗೆ ಬಗ್ಗಿದ. ದವಡೆ ತೆರೆಯುವ ಉದ್ದನೆಯ ಹಿಡಿಕೆ ಅಲ್ಲಿತ್ತು. ಅದನ್ನು ಹೊರಗೆ ಎಳೆದರೆ ದವಡೆ ಬಾಯಿ ಬಿಡುತ್ತದೆ. ಪಿನ್ನು ಒಳಗೆ ಬಂದಾಗ ಸ್ಪ್ರಿಂಗು ಹಿಡಿಕೆಯನ್ನು ಒಳಗೆ ಜಗ್ಗಿ ದವಡೆ ಮುಚ್ಚುತ್ತದೆ.

ಹಿಡಿಕೆ ಹೊರಗೇ ಇತ್ತು.

ಅದರ ಮೇಲೆ ಹೂವು, ಕುಂಕುಮ, ವಿಭೂತಿ. ಹೂವು ಸರಿಸಿದರೆ ಅರಿಶಿಣದ ನೂಲು. ಸುತ್ತಿ, ಮತ್ತೆ ಸುತ್ತಿ, ಇನ್ನೂ ಸುತ್ತಿ, ಹಿಡಿಕೆಯನ್ನು ಪಕ್ಕದ ಕಂಬಿಗೆ ಯಾರೋ ಬಿಗಿದು ಕಟ್ಟಿದ್ದರು.

"ಕಾಸಿಮಸಾಬ್ರ, ಹಿಡಿಕಿ ಹೊರಗದ ಅಂತ ಡ್ರೈವರ್‌ಗೆ ಹೆಂಗ ತಿಳೀಬೇಕು?"

"ಹಿಡಿಕಿ ಬುಡಕ್ಕ ಕೆಂಪು ಬಣ್ಣ ಹಚ್ಚೇನ್ರಿ. ಹಿಡಿಕಿ ಒಳಗ ಹೋದ್ರ ಕೆಂಪು ಮುಚ್ಚತೇತಿ. ಕೆಂಪು ಕಂಡ್ರ ಗಾಡಿ ಬಿಡಬ್ಯಾಡ ಅಂತ ಹೊಳೆಯಪ್ಪಗ ಹೇಳಿದ್ದೆ."

ಪಂಢರಿನಾಥ ತಾಟು ನೋಡಿದ. ತಾಟು ಕೆಂಪು, ಗಾಲಿ ಕೆಂಪು, ಬಂಪರು ಕೆಂಪು. ಕುಂಕುಮದ ಹಬ್ಬದಲ್ಲಿ ಒಂದು ಕೆಂಪು ಗೀಟನ್ನು ಯಾರು ಹುಡುಕಿಯಾರು?

ಕಾಸಿಮಸಾಬ ದಾರವನ್ನೇ ನೋಡುತ್ತಿದ್ದ. ಗಂಟಿನ ತನಕ ಹೋದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡ.

"ಅಂದ್ರ ದವಡಿ ಮುಚ್ಚೇ ಇಲ್ಲ," ಪಂಢರಿನಾಥ ತನ್ನ ತರ್ಕಶಾಸ್ತ್ರವನ್ನು ಕೊನೆಗೂ ಕೆಲಸಕ್ಕೆ ಹಚ್ಚಿದ. "ಪಿನ್ನು ಸೀಳಿನ್ಯಾಗ ಸುಮ್ಮನ ಕೂತದ. ಗಿರೀಸು ಇದ್ದಿದ್ರ ಮನಿ ಮುಂದನ ಜಾರಿ ಬೀಳ್ತಿತ್ತು, ಎಲ್ಲಾರೂ ನಕ್ಕು ಮತ್ತ ಜೋಡಿಸ್ತಿದ್ರು. ತಾಟು ಒಣ. ಕಬ್ಬಿಣದ ಮ್ಯಾಲ ಕಬ್ಬಿಣ ಭಾರಕ್ಕ ಹಿಡಕೊಂಡು ಸಪಾಟ ರಸ್ತಾದಾಗ ಸಂಗಾತ ಬಂತು. ಏರು ಹತ್ತಿತೋ ಇಲ್ಲೋ, ನಾ ಒಲ್ಲೆ ಅಂತು."

"ಜೋಡಿಸಿದ ಮ್ಯಾಲ ಟ್ರೇಲರ್ ಗಾಲಿಗೆ ಕಲ್ಲು ಕೊಟ್ಟು ಗಾಡಿ ಒಮ್ಮೆ ಮುಂದಕ್ಕ ಜಗ್ಗಿ ನೋಡಬೇಕ್ರಿ," ಕಾಸಿಮಸಾಬನ ದನಿ ಎಲ್ಲೋ ದೂರದಿಂದ ಬಂದಂತಿತ್ತು. "ಬಿಟ್ರ ಅಲ್ಲೇ ಬಿಡತೇತಿ."

"ಜಗ್ಗಿ ನೋಡಿಲ್ಲ. ಯಾಕ ನೋಡಿಲ್ಲ, ಯಾರು ಜೋಡಿಸಿದ್ರು, ಯಾರು ಕಟ್ಟಿದ್ರು? ಅದಕ್ಕ ನಿಮ್ಮ ನಟ್ಟು ಬೋಲ್ಟು ಉತ್ತರ ಹೇಳೂದಿಲ್ಲ."

ಅವನು ಸೈಕಲ್ಲು ಹತ್ತಿದ. ಹುಬ್ಬಳ್ಳಿ, ಧಾರವಾಡ ಎರಡನ್ನೂ ಒಂದೇ ಕಾರ್ಪೊರೇಷನ್ನಿಗೆ ಜೋಡಿಸಿ ಇನ್ನೂ ಬಹಳ ಕಾಲ ಆಗಿರಲಿಲ್ಲ. ಜೋಡಿಸಿದವರು ಒಮ್ಮೆ ಜಗ್ಗಿ ನೋಡಿದ್ದರೋ ಇಲ್ಲವೋ ಎಂಬ ಯೋಚನೆಯಲ್ಲೇ ಕೇಶ್ವಾಪುರ ಬಂತು.

ಉಡಚಪ್ಪ ಮನೆಯಲ್ಲಿರಲಿಲ್ಲ. ಅವನ ತಾಯಿ ಮುದಕವ್ವ ಕಟ್ಟೆಯ ಮೇಲೆ ಕಾಲು ಚಾಚಿ ಬತ್ತಿ ಹೊಸೆಯುತ್ತಿದ್ದಳು.

"ಬಾರಪಾ. ವಿಮಾದಾಂವ ಅಲಾ ನೀನು? ನಮ್ಮ ಉಡಚ್ಯಾ ಹೇಳಿದ್ದ, ಉದ್ದ ಮೂಗಿನಾಂವ ಬರ್ತಾನ ಅಂತ."

"ಮೂಗು ಉದ್ದ ಇದ್ರನ ನಮ್ಮ ಕೆಲಸ ಆಗ್ತದ ಅಜ್ಜಿ. ಖಂಡೇ ಪೂಜಿ ಭಾಳ ಜೋರಾತಂತಲ್ಲ?"

ಮುದುಕಿಯ ಮುಖ ಅರಳಿತು. "ನಾನ ಮಾಡಿದ್ದು. ಆ ತಾಟಿಗೆ ಮೆತ್ತಿದ್ದ ಹೊಲಸ ನೋಡಬೇಕಿತ್ತು ನೀ! ಕರ್‍ರಗ, ಜಿಡ್ಡ, ಬೆರಳ ಉದ್ದ. ದೇವರಿಗೆ ಇಡೂದು ಹಂಗ ಇಡಾಕ ಬರತೇತೇನು? ಹುಣಸಿಹಣ್ಣು ಬೂದಿ ಹಚ್ಚಿ ತಿಕ್ಕಿದೆ. ರಟ್ಟಿ ಬಿದ್ದು ಹೋದೂ. ಕನ್ನಡಿ ಆಗಿತ್ತು ಕನ್ನಡಿ!"

ಪಂಢರಿನಾಥ ಕಣ್ಣು ಮುಚ್ಚಿ ತೆರೆದ. ಈ ಊರಿನಲ್ಲಿ ಭಕ್ತಿಗೆ ಹುಣಸೆಹಣ್ಣು ಸಿಕ್ಕರೆ ಯಾವ ಯಂತ್ರವೂ ಉಳಿಯಲಿಕ್ಕಿಲ್ಲ.

"ಹಿಡಿಕಿಗೆ ದಾರ ಕಟ್ಟಿದವರೂ ನೀವ?"

"ಹೂಂ. ಕಂಕಣ. ಒಂದ ಸುತ್ತು, ಒಂದ ಗಂಟು. ಬನ್ನಿ ತರೂತನಕ ಹರೀಬಾರದು ಅಂತ ಎಲ್ಲಾರಿಗೂ ತಾಕೀತ ಮಾಡಿದ್ದೆ. ಉಳದ ದಾರದುಂಡಿ ಅಲ್ಲೇ ತಾಟಿನ ಮ್ಯಾಲ ಇಟ್ಟಿದ್ದೆ."

"ಒಂದ ಸುತ್ತು?"

"ಒಂದ. ಹೆಚ್ಚಿಗಿ ಸುತ್ತಾಕ ಅದೇನು ಮದಿವಿ ಕಂಬ ಏನಪಾ?"

"ದಸರಾ ದಿನ ಟ್ರೇಲರು ಜೋಡಿಸೂ ಮುಂದ ಯಾರು ಇದ್ರು?"

"ನಾ ಆರತಿ ತರಾಕ ಒಳಗ ಹೋಗಿದ್ದೆ. ಬರೂದ್ರಾಗ ಜೋಡಿಸಿ ಮುಗಿಸಿದ್ರು. ಉಡಚ್ಯಾ ತಾಟಿನ ಮಗ್ಗಲಾಗ ನಿಂತಿದ್ದ, ಕೈ ಎಲ್ಲಾ ಕುಂಕುಮ. ಅವ್ವಾ, ನಿನ್ನ ದಾರ ಹರೀದಂಗ ನೋಡಿಕೊಂಡೇನಿ ಅಂದ." ಆಕೆ ಬತ್ತಿ ಕೆಳಗಿಟ್ಟಳು. "ಹೊಳೆಯಪ್ಪ ಸತ್ತಗಿತ್ತಾನೇನಪಾ? ಸಣ್ಣಾಂವ ಇದ್ದಾಗಿಂದ ನಮ್ಮ ಮನ್ಯಾಗ ಉಂಡಾಂವ ಅದು."

"ಸ್ವಾಮಿ ಕಾಯ್ತಾನ ಅಜ್ಜಿ." ಎದ್ದವನು ಸುಮ್ಮನೆ ಒಂದು ಮಾತು ಎಸೆದ. "ಹೊಸಾ ಅರಮನಿ ಸೀನರಿ ಹಾಳಾತು ಅನ್ನೂದ ದುಃಖ. ಬಂಗಾರದ ರೇಕು ಹಚ್ಚಿದ್ದಂತ. ಅದಕ್ಕನ ವಿಮಾ ಕೇಳ್ಯಾರ ನಿಮ್ಮ ಮಗ."

"ಹೊಸಾದು?" ಮುದುಕಿ ನಕ್ಕಳು. "ಹೊಸಾದು ಮ್ಯಾಲ ಅಟ್ಟದಾಗ ಐತಲ್ಲೋ. ಗಟಾರಕ್ಕ ಬಿದ್ದಿದ್ದು ಇಲಿ ಕಡದ ಹಳೀ ಅರಮನಿ."

ಪಂಢರಿನಾಥನ ಉದ್ದ ಮೂಗು ತುದಿಯವರೆಗೂ ಬೆಚ್ಚಗಾಯಿತು. ಅಟ್ಟದಲ್ಲಿ ಹೊಸ ಅರಮನೆ, ಗಟಾರದಲ್ಲಿ ಹಳೆಯದು, ವಿಮೆಯ ಅರ್ಜಿಯಲ್ಲಿ ಹೊಸದು. ಕೈತುಂಬ ಕುಂಕುಮ. ಇನ್ನೇನು ಬೇಕು? ಜೋಡಿಸುವಾಗ ಅಲ್ಲಿ ಬೇರೆ ಯಾರಿದ್ದರು ಎಂದು ಇನ್ನೊಂದು ಸಲ ಕೇಳಬೇಕಿತ್ತು. ಕೇಳಲಿಲ್ಲ. ಸೈಕಲ್ಲು ಅಷ್ಟೊತ್ತಿಗೆ ಇಳಿಜಾರು ಹಿಡಿದಿತ್ತು.

ಗ್ಯಾರೇಜಿನ ಅಂಗಳದಲ್ಲಿ ಪೊಲೀಸರು ಎಳೆದು ತಂದು ನಿಲ್ಲಿಸಿದ ಟ್ರೇಲರು ಪಿಕಪ್ಪಿಗೆ ಮೂತಿ ಕೊಟ್ಟು ನಿಂತಿತ್ತು. ಒಳಗೆ ಅಳಿದುಳಿದ ಸೀನರಿ. ಪಂಢರಿನಾಥ ಪೇದೆಯ ಕಿವಿಯಲ್ಲಿ ಉಪಾಯ ಹೇಳಿದ. ಉಡಚಪ್ಪ ಬಂದಾಗ ಹಿಡಿಕೆ ಹೇಗೆ ಎಳೆಯುತ್ತಾರೆ ತೋರಿಸು ಅನ್ನಬೇಕು. ಅವನು ಹಿಡಿಕೆ ಮುಟ್ಟಿದ ಕೂಡಲೇ ಟ್ರೇಲರಿನೊಳಗಿಂದ ಹೊಳೆಯಪ್ಪನ ದನಿ ಬರಬೇಕು.

"ದವಾಖಾನ್ಯಾಗ ಬಿದ್ದಾಂವಂದು?" ಪೇದೆಗೆ ಮೈ ಜುಮ್ಮೆಂದಿತು.

"ಬ್ಯಾಸಗ್ಯಾಗ ಅವನ ಸಂಗಾತ ಧಾರವಾಡದಿಂದ ಇದ ಗಾಡ್ಯಾಗ ಬಂದೀನಿ. ದಾರಿ ತುಂಬ ಮಾತಾಡ್ಯಾನ. ಎದಿಯೊಳಗ ಗುಳುಗುಳು ಕಫ, ಮಾತಿಗೊಮ್ಮೆ 'ಅಲ್ರೀ ಧಣ್ಯಾರ'. ಕೇಳಿದ ದನಿ ನಾ ಮರಿಯೂದಿಲ್ಲ."

"ಬ್ಯಾಡ್ರಿ ಸಾಹೇಬ್ರ," ಕಾಸಿಮಸಾಬ ಅಂದ. "ಹೊಳೆಯಪ್ಪ ಅಲ್ಲಿ ಜೀವದ ಸಂಗಾಟ ಗುದ್ದಾಡಾಕತ್ತಾನ. ಅವನ ದನಿ ಇಟಗೊಂಡು ಆಟ ಆಡಬ್ಯಾಡ್ರಿ."

"ಇದು ಆಟಲ್ಲ ಕಾಸಿಮಸಾಬ್ರ. ನಿಮ್ಮನ್ನ ಜೀಪಿನಿಂದ ಇಳಿಸೂ ಹಾದಿ. ನೀವು ಒಳಗ ಹೋಗಿ ಬಾಗಲಾಗ ನಿಂದರ್ರಿ."

ಕಾಸಿಮಸಾಬ ಏನೋ ಹೇಳಲು ಬಾಯಿ ತೆರೆದ. ಜೀಪಿನ ಸದ್ದು ಬಂತು. ಬಾಯಿ ಮುಚ್ಚಿಕೊಂಡು ಹಿತ್ತಲ ಬಾಗಿಲಿಗೆ ಸರಿದ.

ಪಂಢರಿನಾಥ ಟ್ರೇಲರು ಹೊಕ್ಕು ಕಾರಾಗೃಹದ ಪರದೆಯ ಹಿಂದೆ ಅಡಗಿದ. ಬರೆದ ಕಂಬಿಗಳ ನಡುವೆ ಹರಿದ ತೂತಿತ್ತು. ಪತ್ತೇದಾರ ಸೆರೆಮನೆಯ ಒಳಗೆ, ಕಳ್ಳ ಹೊರಗೆ: ಲೋಕದ ರೀತಿಯೇ ಇದು ಎಂದುಕೊಂಡು ಕಣ್ಣು ಹಚ್ಚಿದ.

ಜೀಪಿನಿಂದ ಮೊದಲು ಇಳಿದದ್ದು ಫೌಜದಾರರ ಹೊಟ್ಟೆ, ಆಮೇಲೆ ಫೌಜದಾರರು, ಅವರ ಹಿಂದೆ ಉಡಚಪ್ಪ. ಬಿಳಿ ಧೋತರ, ರೇಶಿಮೆ ರುಮಾಲು, ಒಣಗಿದ ಮುಖ.

"ಎಲ್ಲೆದಾನಲೇ ವಿಮಾ ಪಂಡಿತ?"

"ಚಹಾಕ್ಕ ಹೋಗ್ಯಾರ್ರಿ ಸಾಹೇಬ್ರ. ಅಷ್ಟ್ರಾಗ ಧಣ್ಯಾರು ಹಿಡಿಕಿ ಹೆಂಗ ಜಗ್ತಾರ ತೋರಿಸ್ಲಿ ಅಂತ ಹೇಳ್ಯಾರ್ರಿ."

ಉಡಚಪ್ಪ ಫೌಜದಾರರ ಮುಖ ನೋಡಿದ. ಅವರು ತಲೆಯಾಡಿಸಿದರು. ಅವನು ಪಿಕಪ್ಪಿನ ಮಗ್ಗುಲಿಗೆ ಹೋಗಿ, ಬಾಡಿದ ಹೂವು ಸರಿಸಿ ಹಿಡಿಕೆಗೆ ಕೈ ಹಾಕಿದ. ದಾರ ಕಂಡಿತು. ಕೈ ಅಲ್ಲೇ ನಿಂತಿತು.

ಟ್ರೇಲರಿನೊಳಗಿಂದ ಕೆಮ್ಮು ಕೇಳಿಸಿತು. ಗುಳುಗುಳು, ಗುಳುಗುಳು.

"ಅಲ್ರೀ ಧಣ್ಯಾರ... ಸೊಂಟ ಹೋತಲ್ರಿ ನಂದು. ಆ ದಾರ ನೀವ ಬಿಗದ್ರಿ. ನಾ ಬ್ಯಾಡ ಬ್ಯಾಡ ಅಂದೆ. ಅಲ್ರೀ ಧಣ್ಯಾರ, ಒಂದ ಇಲಿ ಕಡದ ಅರಮನಿ ಸಲವಾಗಿ ನನ್ನ ಕೊಂದ್ರಲ್ರಿ..."

 ಎಲ್ಲ ತಿಳಿದಿದ್ದ ಪೇದೆಯೇ ಮೊದಲು ಬೆವತ. ಫೌಜದಾರರ ಕೈ ಸೊಂಟದ ಪಟ್ಟಿಗೆ ಹೋಯಿತು. ತೂತಿನಿಂದ ಪಂಢರಿನಾಥ ಉಡಚಪ್ಪನ ಬೆನ್ನು ನೋಡುತ್ತಿದ್ದ. ಬೆನ್ನು ಅಲುಗಿತು. ಭುಜ ನಡುಗತೊಡಗಿತು. ಅಳುತ್ತಾನೆ, ಮಣಿದ, ಈಗ ಒಪ್ಪುತ್ತಾನೆ!

ಉಡಚಪ್ಪ ತಿರುಗಿದ. ನಗುತ್ತಿದ್ದ.

"ಬರ್ರಿ ಹೊರಗ ರಾಯ್ರ! ಭಾಳ ಛಲೋ ತಗದ್ರಿ ದನಿ. ಆದ್ರ ಹೊಳೆಯಪ್ಪನ ಎದಿಯೊಳಗ ಈಗ ಅಷ್ಟ ಉಸರಿಲ್ರಿ. ಪಿಸಪಿಸ ಅಂತಾನ. ಈಗಷ್ಟ ಕೇಳಿ ಬಂದೇವಿ!"

ಪಂಢರಿನಾಥ ಎದ್ದ ಭರಕ್ಕೆ ಕಾರಾಗೃಹದ ಪರದೆ ಹರಿದು, ಕಂಬಿಗಳ ನಡುವಿನಿಂದ ಅವನ ತಲೆ ಹೊರಗೆ ಬಂತು. ಚೌಕಟ್ಟು ಕೊರಳಿಗೆ ಸಿಕ್ಕಿತು.

"ಮಧ್ಯಾಹ್ನ ಹೊಳೆಯಪ್ಪ ಕಣ್ಣ ತೆರದಾನ," ಫೌಜದಾರರು ಮೀಸೆಯಲ್ಲಿ ನಗೆ ಹಿಡಿದು ಹೇಳಿದರು. "ನಾನೂ ಇವರೂ ದವಾಖಾನಿಯಿಂದನ ಬರಾಕತ್ತೇವಿ. ಡಾಕ್ಟರ ಮುಂದ ಮಾತ ತಗೊಂಡೇನಿ. ದಸರಾ ಮುಂಜಾನಿ ಗಾಡಿ ಜೋಡಿಸಿದವರು ಯಾರು ಅಂತ ಕೇಳಿದೆ. ಕಾಸಿಮಣ್ಣ ಅಂದಾ."

"ಸಾಧ್ಯ ಇಲ್ಲ," ಪಂಢರಿನಾಥ ಅಂದ. ಸೆರೆಮನೆ ಅವನ ಕೊರಳಲ್ಲಿ ಅಲುಗಾಡಿತು. "ಅವ್ರು ಅವತ್ತು ಮನ್ಯಾಗ ಇದ್ರು. ದಾರ ಯಾರು ಕಟ್ಟಿದ್ರು ಕೇಳಿದ್ರೇನು?"

"ಕೇಳಿದ್ವಿ. ಅದೂ ಕಾಸಿಮಣ್ಣ. ಹಿಡಿಕಿ ಜಗ್ಗಿ, ಕೈಯಾರೆ ಸುತ್ತಿ ಬಿಗದು, ಹೊಳೆಯಪ್ಪಾ, ಇನ್ನ ಚಿಂತಿಲ್ಲ, ಹೊಂಡು ಅಂದನಂತ. ಧಣ್ಯಾರು ಅದನ್ನ ಮುಟ್ಟೇ ಇಲ್ಲ ಅಂತ ಆಣಿ ಮಾಡಿ ಹೇಳ್ಯಾನ."

ಎಲ್ಲರೂ ಹಿತ್ತಲ ಬಾಗಿಲ ಕಡೆ ನೋಡಿದರು. ಕಾಸಿಮಸಾಬ ನಿಂತಲ್ಲೇ ನಿಂತಿದ್ದ. ತಾಜಬಿ ಗಂಡನ ತೋಳು ಹಿಡಿದು ಅಲುಗಿಸಿದಳು.

"ಇಲ್ಲನ್ರಿ. ನೀವು ಹೋಗೇ ಇಲ್ಲ ಅಂತ ಹೇಳ್ರಿ ಅವರಿಗೆ!"

"ಕಾಸಿಮಸಾಬ್ರ," ಪಂಢರಿನಾಥನ ದನಿ ಯಾರ ದನಿಯೂ ಆಗಿರಲಿಲ್ಲ, ಅವನದೇ ಆಗಿತ್ತು. "ಸುಳ್ಳು ಅನ್ರಿ. ಒಂದ ಮಾತು. ನಾ ಉಳಿದದ್ದು ನೋಡ್ಕೋತೀನಿ."

ಕಾಸಿಮಸಾಬ ಸುಳ್ಳು ಅನ್ನಲಿಲ್ಲ. ಖರೇ ಅಂತಲೂ ಅನ್ನಲಿಲ್ಲ. ಹೇಳಿದ ಕೆಲಸ ಮಾಡಿ ಮುಗಿಸಿದ ಆಳು ಧಣಿಯನ್ನು ನೋಡುವ ಹಾಗೆ ಒಮ್ಮೆ ಉಡಚಪ್ಪನ ಮುಖ ನೋಡಿದ, ಆಮೇಲೆ ನೆಲ ನೋಡಿದ. ಹೆಂಡತಿಯ ಕೈಯನ್ನು ಮೆಲ್ಲಗೆ ಬಿಡಿಸಿ, ಕರೆಯುವ ಮೊದಲೇ ಜೀಪಿನ ಕಡೆ ನಡೆದ.

"ಅಟ್ಟದ ಮ್ಯಾಲಿನ ಅರಮನಿ..." ಪಂಢರಿನಾಥ ಶುರು ಮಾಡಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ಅವನು ಮುಂದಕ್ಕೆ ಧಾವಿಸಿದ ರಭಸಕ್ಕೆ ಕೊರಳಿನ ಕಾರಾಗೃಹ ಟ್ರೇಲರಿನ ಕದಕ್ಕೆ ಅಡ್ಡ ಸಿಕ್ಕಿ ಅವನನ್ನು ಹಿಂದಕ್ಕೆ ಜಗ್ಗಿತು. ಪೇದೆ ಫಕ್ಕನೆ ನಕ್ಕ. ಫೌಜದಾರರ ಹೊಟ್ಟೆ ಕುಣಿಯಿತು. ಗೇಟಿನ ಬಳಿ ಕೂಡಿದ ಓಣಿಯ ಮಂದಿಯೂ ನಕ್ಕರು.

ಎಲ್ಲರಿಗಿಂತ ಜೋರಾಗಿ ನಕ್ಕವನು ಉಡಚಪ್ಪ. ರುಮಾಲಿನ ತುದಿಯಿಂದ ಕಣ್ಣೀರು ಒರೆಸಿಕೊಳ್ಳುತ್ತ, ಪಿಕಪ್ಪಿನ ಬಾನೆಟ್ಟು ಬಡಿಯುತ್ತ, ಉಸಿರು ಸಿಕ್ಕಿಕೊಳ್ಳುವಂತೆ ನಕ್ಕ; ಜೀಪು ತಿರುಗಿ ಹೋಗಿ ಓಣಿಯೆಲ್ಲ ಸುಮ್ಮನಾದ ಮೇಲೂ ನಗುತ್ತಲೇ ಇದ್ದ.